ಕಾಲು ಡಾಲರಿನ ಬಿಸಿಲು

ಸ್ಯಾನ್ ಹೊಸೆಯ ಪೂರ್ವಕ್ಕಿರುವ ಮೌಂಟ್ ಹ್ಯಾಮಿಲ್ಟನ್ನಿನ ದಾರಿ ಹತ್ತೊಂಬತ್ತನೆಯ ಶತಮಾನದ್ದು. ನೆತ್ತಿಯ ಮೇಲೆ ಲಿಕ್ ವೀಕ್ಷಣಾಲಯವನ್ನು ಕಟ್ಟಲು ಬೇಕಾದ ಸಾಮಗ್ರಿಯನ್ನು ಕುದುರೆಗಾಡಿಗಳು ಎಳೆದೊಯ್ಯಬೇಕಿದ್ದುದರಿಂದ, ಏರನ್ನು ಹದಗೊಳಿಸಿ ನೂರಾರು ತಿರುವುಗಳಲ್ಲಿ ಹರಡಿದ್ದಾರೆ. ಕುದುರೆಗೆ ತೋರಿದ ಆ ಕರುಣೆ ಇಂದು ಸೈಕಲ್ ಸವಾರರಿಗೆ ಒದಗಿಬಂದಿದೆ. ಸವಾರ, ಸೈಕಲ್, ಗಂಟುಮೂಟೆ ಎಲ್ಲ ಸೇರಿ 120 ಕಿಲೋ ತೂಕವನ್ನು ಸುಮಾರು 1,200 ಮೀಟರ್ ಮೇಲಕ್ಕೆತ್ತಲು ಬೇಕಾಗುವ ಶಕ್ತಿ 400 ವಾಟ್-ಅವರ್‌ನಷ್ಟು. ಅರ್ಧವನ್ನು ಸವಾರನ ಕಾಲುಗಳು ಕೊಟ್ಟರೂ, ಮೋಟರಿನ ಸೋರಿಕೆ ಸೇರಿ ಇ-ಬೈಕಿನ ಬ್ಯಾಟರಿಯಿಂದ 250 ವಾಟ್-ಅವರ್ ಖರ್ಚಾಗುತ್ತದೆ. ಸಾಮಾನ್ಯ ಇ-ಬೈಕಿನ ಬ್ಯಾಟರಿ 500ರದ್ದು. ಅಂದರೆ ಶಿಖರ ಮುಟ್ಟುವಾಗ ಅರ್ಧ ಖಾಲಿ. ಅಲ್ಲಿಂದಾಚೆ ಸ್ಯಾನ್ ಆಂಟೋನಿಯೊ ಕಣಿವೆಯನ್ನು ಹಾದು ಲಿವರ್‌ಮೋರ್ ತಲುಪಲು ಇನ್ನೂ 80 ಕಿಲೋಮೀಟರಿನಷ್ಟು ನಿರ್ಜನ ರಸ್ತೆ.

ಇಂಥ ದಾರಿಗಳಲ್ಲೇ ಸೌರಫಲಕವನ್ನು ಬೆನ್ನಿಗೆ ಕಟ್ಟಿಕೊಂಡ ಸೈಕಲ್ಲುಗಳ ಕನಸು ಹುಟ್ಟುವುದು. ಅದು ಹುಚ್ಚು ಕನಸೇನೂ ಅಲ್ಲ. 2013ರಲ್ಲಿ ಆರಂಭವಾದ ಸನ್ ಟ್ರಿಪ್ ಎಂಬ ಸೌರ ಸೈಕಲ್ ಯಾತ್ರೆಯಲ್ಲಿ ಸವಾರರು ಫ್ರಾನ್ಸಿನಿಂದ ಕಜಕಸ್ತಾನದ ಅಸ್ತಾನಾವರೆಗೆ ಹೋದರು. 2018ರಲ್ಲಿ ಲಿಯೋನ್ ನಗರದಿಂದ ಚೀನಾದ ಗ್ವಾಂಗ್‌ಜೌವರೆಗೆ, ಹತ್ತು ಸಾವಿರ ಕಿಲೋಮೀಟರಿಗೂ ಮೀರಿದ ದೂರವನ್ನು ಬಿಸಿಲನ್ನೇ ನಂಬಿ ಕ್ರಮಿಸಿದರು. ಆದ್ದರಿಂದ ಸಾಧ್ಯವೇ ಎಂಬುದು ಈಗ ಪ್ರಶ್ನೆಯಲ್ಲ. ಯಾಕೆ ಬೇಕಾಯಿತು ಎಂಬುದು ಪ್ರಶ್ನೆ.

ಮೊದಲು ಲೆಕ್ಕವನ್ನು ಪೂರ್ತಿ ಮಾಡಬೇಕು. ಸಮತಟ್ಟು ರಸ್ತೆಯಲ್ಲಿ ಮಿತವಾಗಿ ತುಳಿಯುವವರಿಗೆ ಇ-ಬೈಕ್ ಕಿಲೋಮೀಟರಿಗೆ ಹತ್ತು ವಾಟ್-ಅವರ್ ಬೇಡುತ್ತದೆ. ನೂರು ವಾಟ್‌ನ ಒಂದು ಫಲಕವನ್ನು ಹಿಂದಿನ ಬಂಡಿಯ ಮೇಲೆ ಚಪ್ಪಟೆಯಾಗಿ ಮಲಗಿಸಿದರೆ, ಒಳನಾಡಿನ ಜುಲೈ ಬಿಸಿಲಿನಲ್ಲಿ ದಿನಕ್ಕೆ 300ರಿಂದ 400 ವಾಟ್-ಅವರ್ ಸಿಕ್ಕೀತು: ಮೂವತ್ತು ನಲವತ್ತು ಕಿಲೋಮೀಟರಿನ ನೆರವು. ಫಲಕ ಕೊಡುವುದು ಇಪ್ಪತ್ತು ವೋಲ್ಟ್ ಆಸುಪಾಸು, 36 ವೋಲ್ಟಿನ ಬ್ಯಾಟರಿ ತುಂಬಲು ಬೇಕಾದದ್ದು 42. ಆದಕಾರಣ ನಡುವೆ ವೋಲ್ಟೇಜನ್ನು ಏರಿಸುವ ನಿಯಂತ್ರಕವೊಂದು ಬೇಕು. ಅದಿಲ್ಲದವರು ಫಲಕದಿಂದ ದೊಡ್ಡ ಬ್ಯಾಟರಿ ಪೆಟ್ಟಿಗೆಗೆ, ಅದರಿಂದ ಇನ್ವರ್ಟರಿಗೆ, ಅದರಿಂದ ಕಂಪನಿಯ ಚಾರ್ಜರಿಗೆ ಎಂದು ಕೈಯಿಂದ ಕೈಗೆ ದಾಟಿಸುತ್ತಾ ಪ್ರತಿ ಹೊಸ್ತಿಲಲ್ಲೂ ಒಂದಿಷ್ಟು ಸುಂಕ ತೆರುತ್ತಾರೆ. ಅನೇಕ ತಯಾರಕರು ತಮ್ಮ ಬ್ಯಾಟರಿಗೆ ತಮ್ಮದೇ ಚಾರ್ಜರ್ ಬಿಟ್ಟು ಬೇರೇನನ್ನೂ ಒಪ್ಪದಿರುವುದರಿಂದ, ಈ ಬಳಸುದಾರಿ ಬಹುಪಾಲು ಜನರಿಗೆ ಅನಿವಾರ್ಯ.

ಇನ್ನು ಕರಾವಳಿ. ಹಾಫ್ ಮೂನ್ ಬೇಯಿಂದ ಸಾಂಟಾ ಕ್ರೂಜ್‌ನತ್ತ ಒಂದನೇ ಹೆದ್ದಾರಿ ಹಿಡಿದವರಿಗೆ ಬೇಸಿಗೆಯೇ ಶತ್ರು. ಒಳನಾಡು ಕಾದಷ್ಟೂ ಕಡಲಿನ ಮಂಜು ದಡಕ್ಕೆ ನುಗ್ಗುತ್ತದೆ. ಮಧ್ಯಾಹ್ನದವರೆಗೂ ಫಲಕ ನಿದ್ದೆಯಲ್ಲಿರುತ್ತದೆ. ರೆಡ್‌ವುಡ್ ಕಾಡಿನ ನೆರಳು ಮನಸ್ಸಿಗೆಷ್ಟು ಹಿತವೋ ಫಲಕಕ್ಕೆ ಅಷ್ಟೇ ಅಹಿತ. ಸೌರ ಸವಾರಿ ಮಾಡುವವರ ದಿನಚರಿಯೇ ಬದಲಾಗುವುದು ಇದರಿಂದಾಗಿ: ನಸುಕಿನಲ್ಲಿ ತುಳಿಯುವುದು, ನಡುಹಗಲಿನಲ್ಲಿ ಬಯಲು ಕಂಡಲ್ಲಿ ನಿಂತು ಫಲಕವನ್ನು ಸೂರ್ಯನತ್ತ ವಾಲಿಸಿ ಊಟ ನಿದ್ದೆ ಮುಗಿಸುವುದು, ಸಂಜೆ ಮತ್ತೆ ಹೊರಡುವುದು. ಎತ್ತಿನ ಗಾಡಿಯ ಕಾಲದ ಪ್ರಯಾಣಕ್ಕೆ ಇದು ಹತ್ತಿರದ್ದು. ದಣಿದ ಎತ್ತಿಗೆ ನೆರಳು ಬೇಕಿತ್ತು, ಇದಕ್ಕೆ ಬಿಸಿಲು ಬೇಕು, ಅಷ್ಟೆ.

ಈ ನಿಧಾನದಲ್ಲಿ ಒಂದು ನಿಜವಾದ ಶಿಕ್ಷಣವಿದೆ. ವಿದ್ಯುತ್ ಕಾರು ಕಿಲೋಮೀಟರಿಗೆ 150 ವಾಟ್-ಅವರ್‌ಗೂ ಹೆಚ್ಚು ನುಂಗುತ್ತದೆ. ಇ-ಬೈಕಿನ ಹದಿನೈದು ಪಟ್ಟು. ಫ್ರೀಮಾಂಟ್, ಸನಿವೇಲ್, ಡಬ್ಲಿನ್‌ಗಳ ಕನ್ನಡ ಮನೆಗಳಲ್ಲಿ ಮಾಡಿನ ಮೇಲೆ ಫಲಕ, ಗ್ಯಾರೇಜಿನಲ್ಲಿ ಎರಡು ವಿದ್ಯುತ್ ಕಾರು ಇರುವುದು ಈಗ ಸಾಮಾನ್ಯ. ಪರಿಸರದ ಋಣ ತೀರಿತೆಂಬ ನೆಮ್ಮದಿಯೂ ಅದರ ಜೊತೆಗೇ ಇರುತ್ತದೆ. ಎರಡು ಟನ್ ಲೋಹವನ್ನು ಎಳೆದುಕೊಂಡು ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರಲು ಹೋಗುವ ಅಭ್ಯಾಸವನ್ನು ಈ ನೆಮ್ಮದಿ ಮುಟ್ಟುವುದಿಲ್ಲ. ಒಂದು ವಾರ ಸೌರ ಸೈಕಲ್ ತುಳಿದವರಿಗೆ ಒಂದು ವಾಟ್ ಎಂದರೆ ಎಷ್ಟು ಎಂಬುದು ಮೈಯಲ್ಲಿ ತಿಳಿದಿರುತ್ತದೆ.

ಆದರೆ ಈ ಸವಾರಿಯ ಸುತ್ತ ಬೆಳೆದಿರುವ ಮಾತುಗಾರಿಕೆ ಬೇರೆಯೇ. ಗ್ರಿಡ್‌ನಿಂದ ಬಿಡುಗಡೆ, ಸ್ವಾವಲಂಬನೆ, ಯಾರ ಹಂಗೂ ಇಲ್ಲದ ಪಯಣ. ಕೊಲ್ಲಿ ಪ್ರದೇಶದಲ್ಲಿ ಈ ಮಾತಿಗೆ ಕಾರಣವಿಲ್ಲದಿಲ್ಲ. 2018ರ ನವೆಂಬರಿನಲ್ಲಿ ಪಿಜಿ ಅಂಡ್ ಇ ಕಂಪನಿಯ ಹಳೆಯ ವಿದ್ಯುತ್ ಗೋಪುರದ ಸವೆದ ಕೊಕ್ಕೆಯಿಂದ ಹೊತ್ತಿದ ಬೆಂಕಿ ಪ್ಯಾರಡೈಸ್ ಪಟ್ಟಣವನ್ನು ಸುಟ್ಟು 85 ಜನರನ್ನು ಕೊಂದಿತು. 2020ರಲ್ಲಿ ಕಂಪನಿ 84 ಉದ್ದೇಶಪೂರ್ವಕವಲ್ಲದ ನರಹತ್ಯೆಗಳ ಅಪರಾಧವನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. 2019ರ ಅಕ್ಟೋಬರಿನಲ್ಲಿ ಬೆಂಕಿಯ ಭಯಕ್ಕೆ ಲಕ್ಷಾಂತರ ಮನೆಗಳ ವಿದ್ಯುತ್ತನ್ನು ಕಂಪನಿಯೇ ಕಡಿದದ್ದನ್ನು ಇಲ್ಲಿನವರು ಮರೆತಿಲ್ಲ. ಇಂಥ ಒಡೆಯನಿಂದ ತಪ್ಪಿಸಿಕೊಳ್ಳುವ ಆಸೆ ಸಹಜ. ತಪ್ಪಿಸಿಕೊಳ್ಳಬಲ್ಲವರು ಯಾರು ಎಂದು ಮಾತ್ರ ಕೇಳಬೇಕಾಗುತ್ತದೆ.

ಮಾಡು ಸ್ವಂತದ್ದಾಗಿದ್ದವರು ಮೊದಲೇ ತಪ್ಪಿಸಿಕೊಂಡರು. 2023ರ ಏಪ್ರಿಲ್ 15ರ ನಂತರ ಫಲಕ ಹಾಕಿಸಿದವರಿಗೆ, ಗ್ರಿಡ್‌ಗೆ ಮಾರುವ ವಿದ್ಯುತ್ತಿನ ಬೆಲೆ ಸರಾಸರಿ ಮುಕ್ಕಾಲು ಪಾಲು ಇಳಿಯಿತು. ಹಿಂದೆ ಹಾಕಿಸಿದವರಿಗೆ ಇಪ್ಪತ್ತು ವರ್ಷ ಹಳೆಯ ದರವೇ. ಬಾಡಿಗೆ ಮನೆಯವರಿಗಂತೂ ಆ ಚರ್ಚೆಯೇ ಅನ್ವಯಿಸದು. ನೆರೆಹೊರೆಯ ಸಾಮುದಾಯಿಕ ಸೌರ ಘಟಕದಲ್ಲಿ ಅವರಿಗೂ ಪಾಲು ಸಿಗಲೆಂದು 2022ರಲ್ಲಿ ರಾಜ್ಯ ಶಾಸನಸಭೆ ಕಾನೂನು ಮಾಡಿತ್ತು. ಅದಕ್ಕೆ ಜೀವ ಕೊಡಬಹುದಾಗಿದ್ದ ದರಪದ್ಧತಿಯನ್ನು ರಾಜ್ಯದ ಸಾರ್ವಜನಿಕ ಸೇವಾ ಆಯೋಗ 2024ರ ಮೇ ತಿಂಗಳಲ್ಲಿ ಒಪ್ಪಲಿಲ್ಲ. ಬಾಡಿಗೆದಾರರು ಇ-ಬೈಕನ್ನು ಮನೆಯೊಳಗಿಡಲು ಬಿಡಬೇಕೆಂಬ ನಿಯಮ ಕೂಡ ಬಂದದ್ದು 2024ರ ಆರಂಭದಲ್ಲಿ, ಅದೂ ಷರತ್ತುಗಳೊಂದಿಗೆ. ಸ್ಯಾನ್ ಫ್ರಾನ್ಸಿಸ್ಕೋದ ಬೀದಿಗಳಲ್ಲಿ ಪ್ರತಿದಿನ ಅತಿ ಉದ್ದದ ಇ-ಬೈಕ್ ಯಾತ್ರೆ ಮಾಡುವವರು ರಜೆಯ ಪ್ರವಾಸಿಗರಲ್ಲ, ಊಟದ ಪೊಟ್ಟಣ ಹೊತ್ತು ಓಡುವ ವಲಸಿಗ ಕಾರ್ಮಿಕರು. ಮಡಚುವ ಫಲಕದ ಮುಂದೆ ಬಯಲಿನಲ್ಲಿ ಮೂರು ತಾಸು ಮಲಗುವ ಬಿಡುವು ಅವರಿಗಿಲ್ಲ.

ಬಿಸಿಲು ಎಲ್ಲರದು ಎಂಬ ಮಾತನ್ನು ಕನ್ನಡಿಗರು ತುಸು ಎಚ್ಚರದಿಂದ ಕೇಳಬೇಕಾದ ಇನ್ನೊಂದು ಕಾರಣ ತುಮಕೂರು ಜಿಲ್ಲೆಯಲ್ಲಿದೆ. ಪಾವಗಡದ ಸೌರ ಉದ್ಯಾನ 2,050 ಮೆಗಾವಾಟ್‌ನದ್ದು. ಸುಮಾರು 13,000 ಎಕರೆಯನ್ನು ಸರ್ಕಾರ ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆಯಿತು. ಮಳೆಯಿಲ್ಲದ ಸೀಮೆಯ ಜಮೀನುದಾರನಿಗೆ ಅದು ಒಳ್ಳೆಯ ಏರ್ಪಾಟೇ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಹೀನರಿಗೆ ಗುತ್ತಿಗೆಯ ಹಣವೂ ಇಲ್ಲ, ಹಳೆಯ ಕೂಲಿಯೂ ಇಲ್ಲ. 1951ರ ಕಾಗೋಡು ಸತ್ಯಾಗ್ರಹದ ನಾಡು ಉಳುವವನೇ ಹೊಲದೊಡೆಯನೆಂದು ಕಾನೂನು ಬರೆಯಲು 1974ರವರೆಗೆ ಕಾಯಿತು. ಬಿಸಿಲಿನ ಹೊಲದಲ್ಲಿ ಉಳುವವನು ಯಾರೆಂದು ಹೇಳುವ ಕಾನೂನನ್ನು ಇನ್ನೂ ಯಾರೂ ಬರೆದಿಲ್ಲ, ಅಲ್ಲಿಯೂ ಇಲ್ಲ, ಕ್ಯಾಲಿಫೋರ್ನಿಯಾದಲ್ಲಿಯೂ ಇಲ್ಲ.

ಪಯಣದ ಪ್ರಶ್ನೆಗೇ ಮರಳುವುದಾದರೆ, ಇಡೀ ವಿಚಾರ ಒಂದು ವಿಚಿತ್ರ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. 500 ವಾಟ್-ಅವರ್‌ನ ಬ್ಯಾಟರಿಯನ್ನು ಪೂರ್ತಿ ತುಂಬಲು, ಪಿಜಿ ಅಂಡ್ ಇ ಕಂಪನಿಯ ದುಬಾರಿ ದರದಲ್ಲೂ, ತಗಲುವುದು ಕಾಲು ಡಾಲರ್ ಆಸುಪಾಸು. ಆ ಕಾಲು ಡಾಲರಿನ ವಿದ್ಯುತ್ತು ದಾರಿಯಲ್ಲಿ ಸಿಗದು ಎಂಬ ಒಂದೇ ಕಾರಣಕ್ಕೆ ಸವಾರರು ನೂರಾರು ಡಾಲರ್ ತೆತ್ತು, ಹತ್ತು ಕಿಲೋ ಭಾರವನ್ನು ಬೆಟ್ಟಕ್ಕೆ ಎಳೆದೊಯ್ಯುತ್ತಾರೆ. ಸ್ಯಾನ್ ಆಂಟೋನಿಯೊ ಕಣಿವೆಯಂಥ ಕಡೆ ಅದು ನ್ಯಾಯವೇ. ನಿಜವಾಗಿ ಊರಿಲ್ಲದ ಜಾಗದಲ್ಲಿ ಫಲಕಕ್ಕೆ ಸಾಟಿಯಿಲ್ಲ. ಉಳಿದೆಡೆ ಫಲಕವು ಸಾರ್ವಜನಿಕ ವ್ಯವಸ್ಥೆಯೊಂದರ ಗೈರುಹಾಜರಿಯನ್ನು ಮುಚ್ಚಿಡುವ ಖಾಸಗಿ ತೇಪೆ.

ತೇಪೆ ಹಾಕದೆ ಕೇಳಬಹುದಾದದ್ದು ಬಹಳ ಚಿಕ್ಕದು. ಕ್ಯಾಲಿಫೋರ್ನಿಯಾದ ರಾಜ್ಯ ಉದ್ಯಾನಗಳು ನಡೆದು ಅಥವಾ ಸೈಕಲ್ಲಿನಲ್ಲಿ ಬಂದವರಿಗಾಗಿ ಅಗ್ಗದ ಬಿಡಾರಗಳನ್ನು ಹಲವೆಡೆ ಉಳಿಸಿಕೊಂಡಿವೆ. ಅದು ದೊಡ್ಡ ಮನಸ್ಸಿನ ಸಂಪ್ರದಾಯ. ಆ ಬಿಡಾರಗಳ ಶೌಚಾಲಯದ ಮಾಡಿನ ಮೇಲೆ ನಾಲ್ಕು ಫಲಕ, ಕೆಳಗೆ ಬೀಗವಿರುವ ಗೂಡುಗಳಲ್ಲಿ ಮಾಮೂಲಿ 120 ವೋಲ್ಟಿನ ಸಾಕೆಟ್ಟುಗಳು ಇದ್ದರೆ ಹತ್ತಾರು ಸವಾರರ ರಾತ್ರಿ ಮುಗಿಯಿತು. ಗ್ರಂಥಾಲಯಗಳ, ಬಾರ್ಟ್ ನಿಲ್ದಾಣಗಳ ಹೊರಗೋಡೆಗೂ ಇದೇ ಮಾತು. ಅಲ್ಲಿ ಪ್ರವಾಸಿಗನ ಪಕ್ಕದಲ್ಲಿ ಊಟ ಹಂಚುವ ಹುಡುಗನೂ ತನ್ನ ಬ್ಯಾಟರಿ ಸಿಕ್ಕಿಸಬಹುದು.

ಕನ್ನಡ ಸಂಘಗಳ ವನಭೋಜನ ನಡೆಯುವಂಥ ಉದ್ಯಾನಗಳ ವಾಹನ ನಿಲುಗಡೆಗಳಲ್ಲಿ ಈಗ ಕಾರುಗಳ ಚಾರ್ಜಿಂಗ್ ಕಂಬಗಳು ಎದ್ದಿವೆ. ಒಂದೊಂದು ಕಂಬ ಆರೇಳು ಸಾವಿರ ವಾಟ್ ಸುರಿಯಬಲ್ಲದು. ಇ-ಬೈಕಿಗೆ ಬೇಕಾದದ್ದು ನೂರೈವತ್ತು. ಆದರೆ ಕಂಬದ ಪ್ಲಗ್ಗು ಕಾರಿನ ಬಾಯಿಗೆ ಮಾತ್ರ ಹೊಂದುತ್ತದೆ. ಸೈಕಲ್ಲಿನಲ್ಲಿ ಬಂದವರು ಕಂಬದ ಪಕ್ಕದಲ್ಲೇ ಫಲಕ ಬಿಚ್ಚಿ ಮೋಡ ಸರಿಯಲೆಂದು ಕಾಯಬೇಕಾಗುತ್ತದೆ.