ಶೋರೂಮ್ ಸೇರುವ ಹುಡುಗನಿಗೆ ಸ್ವಂತ ಸ್ಪ್ಯಾನರ್ ಸೆಟ್ ಬೇಕೇ?

ಐಟಿಐ ಮುಗಿಸಿ ಶೋರೂಮ್ ವರ್ಕ್‌ಶಾಪಿಗೆ ಹೊರಟ ಹುಡುಗನ ಮನೆಯಲ್ಲಿ ಮೊದಲು ಏಳುವ ಮಾತು ಸಂಬಳದ್ದು, ಆಮೇಲಿನದು ಟೂಲ್ಸಿನದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಬೈಕು, ಟ್ರ್ಯಾಕ್ಟರ್ ಶೋರೂಮ್‌ಗಳಿವೆ. ಕಾರಿನ ದೊಡ್ಡ ವರ್ಕ್‌ಶಾಪೇ ಬೇಕೆಂದರೆ ಹೆಚ್ಚಿನವರು ತುಮಕೂರಿನ ಬಸ್ಸು ಹತ್ತುತ್ತಾರೆ. ಮೊಬೈಲಿನಲ್ಲಿ ಅಮೆರಿಕದ ಮೆಕ್ಯಾನಿಕ್‌ಗಳನ್ನು ನೋಡಿದ ಹುಡುಗರಿಗೆ ಆಳೆತ್ತರದ ಕೆಂಪು ಟೂಲ್ ಪೆಟ್ಟಿಗೆಯದೇ ಕನಸು. ಅಲ್ಲಿ ಡೀಲರ್‌ಶಿಪ್ ಸೇರುವವನು ಕೈ ಟೂಲ್ಸನ್ನು ತಾನೇ ತರುವುದು ರೂಢಿ. 1920ರಲ್ಲಿ ಶುರುವಾದ ಸ್ನ್ಯಾಪ್-ಆನ್‌ನಂಥ ಕಂಪನಿಯ ವ್ಯಾನು ವರ್ಕ್‌ಶಾಪಿನ ಬಾಗಿಲಿಗೇ ಬಂದು ಕಂತಿನ ಮೇಲೆ ಮಾರುತ್ತದೆ. ನಮ್ಮಲ್ಲಿ ಟೂಲ್ ಟ್ರಾಲಿ ಸಾಮಾನ್ಯವಾಗಿ ಡೀಲರ್‌ನದೇ. ಹೀಗಿದ್ದೂ ಹುಡುಗ ಸ್ವಂತದ್ದು ಕೊಳ್ಳಬೇಕೇ?

ಪರ

ಟ್ರಾಲಿ ಡೀಲರ್‌ನದು, ಸರಿ. ಒಂದು ಟ್ರಾಲಿಗೆ ಕೈ ಎಷ್ಟು? ಬೆಳಗ್ಗೆ ಗಾಡಿಗಳು ಸಾಲುಗಟ್ಟಿದ ಹೊತ್ತಿಗೆ 10ರ ಸ್ಪ್ಯಾನರ್ ಪಕ್ಕದ ಬೇನಲ್ಲಿರುತ್ತದೆ, 12ರ ಸಾಕೆಟ್ ಯಾರದೋ ಜೇಬಿನಲ್ಲಿ. ಅದನ್ನು ಹುಡುಕಿ ತರುವ ಕೆಲಸ ಹೊಸ ಹುಡುಗನದೇ. ಹೀಗೆ ವರ್ಷಗಟ್ಟಲೆ ಹೆಲ್ಪರ್ ಆಗಿಯೇ ಉಳಿದವರಿದ್ದಾರೆ. ಅವರಿಗೆ ಕೆಲಸ ಬರುವುದಿಲ್ಲವೆಂದಲ್ಲ, ಕೈಗೆ ಕೆಲಸ ಸಿಗಲೇ ಇಲ್ಲ. ಜಾಬ್ ಕಾರ್ಡ್ ಬಂದಾಗ ಟೂಲ್ಸ್ ಸಮೇತ ಗಾಡಿಯ ಪಕ್ಕ ನಿಂತಿರುವವನಿಗೆ ಸೀನಿಯರ್ ‘ಇದನ್ನು ನೀನೇ ಬಿಚ್ಚು’ ಅನ್ನುತ್ತಾನೆ.

ಆಳೆತ್ತರದ ಪೆಟ್ಟಿಗೆ ಯಾರೂ ಕೇಳುತ್ತಿಲ್ಲ. 8ರಿಂದ 19ರವರೆಗಿನ ಸ್ಪ್ಯಾನರ್‌ಗಳು, ಒಂದು ರ್ಯಾಚೆಟ್, ಸಾಕೆಟ್‌ಗಳು, ಎಕ್ಸ್‌ಟೆನ್ಷನ್ ರಾಡು, ಅಲೆನ್ ಕೀ, ಎರಡು ಸ್ಕ್ರೂ ಡ್ರೈವರ್, ಕಟಿಂಗ್ ಪ್ಲೇಯರ್, ಒಂದು ಟೆಸ್ಟ್ ಲ್ಯಾಂಪ್. ಇಷ್ಟೇ. ಸಾಕೆಟ್ ಮಾತ್ರ ಆರು ಮೂಲೆಯದಿರಲಿ. ಹನ್ನೆರಡು ಮೂಲೆಯದು ಬೇಗ ಕೂರುತ್ತದೆ ನಿಜ, ಆದರೆ ತುಕ್ಕು ಹಿಡಿದ ನಟ್ಟಿನ ಮೇಲೆ ಜಾರಿ ಅದರ ಮೂಲೆಗಳನ್ನೇ ಸವೆಸುತ್ತದೆ. ಆರು ಮೂಲೆಯದು ನಟ್ಟಿನ ಮುಖವನ್ನು ಹಿಡಿಯುತ್ತದೆ. ಸಂತೆಯಲ್ಲಿ ತೂಕದ ಲೆಕ್ಕಕ್ಕೆ ಸಿಗುವ ಹೆಸರಿಲ್ಲದ ಮಾಲು ಬೇಡ. ನಾಸಿಕ್‌ನ ಟಪಾರಿಯಾದಂಥ ಹೆಸರಾಂತ ಮಾಲನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೈಯಲ್ಲಿ ಹಿಡಿದು ನೋಡಿ ತರಬಹುದು.

ಇನ್ನೊಂದು ಮಾತು, ಇದನ್ನು ಶೋರೂಮಿನವರು ಬಾಯಿಬಿಟ್ಟು ಹೇಳುವುದಿಲ್ಲ. ಟ್ರಾಲಿಯಲ್ಲಿ ಒಂದು ಕಡಿಮೆಯಾದರೆ ತಿಂಗಳ ಕೊನೆಗೆ ಅದರ ಲೆಕ್ಕ ಹುಡುಗರ ತಲೆಗೆ ಹಂಚಿಕೆಯಾಗುವುದುಂಟು. ಬಣ್ಣದ ಟೇಪು ಸುತ್ತಿಟ್ಟ ಸ್ವಂತ ಸ್ಪ್ಯಾನರ್‌ಗೆ ಆ ತಕರಾರಿಲ್ಲ.

ಕಡೆಯ ಕಾರಣವೇ ದೊಡ್ಡದು. ಜೀವಮಾನವಿಡೀ ಶೋರೂಮಿನಲ್ಲೇ ಇರುವವರು ಯಾರು? ಬಡವನಹಳ್ಳಿಯಲ್ಲೋ ಹೊಳವನಹಳ್ಳಿಯಲ್ಲೋ ವೈ.ಎನ್. ಹೊಸಕೋಟೆಯಲ್ಲೋ ಸ್ವಂತ ಶೆಡ್ಡು ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಕಡಲೆಕಾಯಿ ಸುಗ್ಗಿಯಲ್ಲಿ ಹೊಲದ ನಡುವೆ ಕೆಟ್ಟು ನಿಂತ ಟ್ರ್ಯಾಕ್ಟರಿಗೆ ಪಾವಗಡದ ಹಳ್ಳಿಯವನು ನೂರು ಕಿಲೋಮೀಟರ್ ದೂರದ ತುಮಕೂರಿನಿಂದ ಯಾರನ್ನು ಕರೆಸಲಿ? ಊರಿಗೆ ಬಂದ ಹುಡುಗನ ಚೀಲದಲ್ಲಿ ಸ್ಪ್ಯಾನರ್ ಇದ್ದರೆ ಅವನೇ ಮೆಕ್ಯಾನಿಕ್.

ವಿರೋಧ

ಪರ ವಾದಿಸಿದವರ ಮಾತಿನಲ್ಲಿ ಗ್ಯಾರೇಜಿನ ವಾಸನೆ ಇದೆ. ಶಿರಾದ ಹೆದ್ದಾರಿ ಬದಿಯ ಲಾರಿ ಗ್ಯಾರೇಜಿಗೆ ಸೇರುವವನಿಗಾದರೆ ನಾನೂ ಹೂಂ ಅನ್ನುತ್ತಿದ್ದೆ. ಇಲ್ಲಿ ಕೇಳಿರುವುದು ಶೋರೂಮಿನ ವಿಷಯ.

ಮೊದಲು ದುಡ್ಡಿನ ಲೆಕ್ಕ. ಐಟಿಐ ಮುಗಿಸಿದ ಅಪ್ರೆಂಟಿಸ್‌ಗೆ 2019ರ ನಿಯಮ ಗೊತ್ತುಮಾಡಿದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7,000 ರೂಪಾಯಿ. ಅದರಲ್ಲಿ ತುಮಕೂರಿನ ರೂಮ್ ಬಾಡಿಗೆ, ಊಟ, ಬಸ್ಸು. ಇಂಥವನು ಅಮ್ಮನ ಹೆಸರಲ್ಲಿ ಸಂಘದ ಸಾಲ ತೆಗೆದು ಟೂಲ್ಸ್ ಕೊಂಡರೆ, ಮೊದಲ ಸಂಬಳಕ್ಕೆ ಮುಂಚೆಯೇ ವಾರದ ಕಂತು ಬಾಗಿಲಿಗೆ ಬರುತ್ತದೆ. ಅಮೆರಿಕದ ಮೆಕ್ಯಾನಿಕ್ಕಿಗೂ ವ್ಯಾನಿನ ಕಂತು ಇದೆ, ಆದರೆ ಅವನ ಸಂಬಳ ಬೇರೆ.

ಇಷ್ಟಕ್ಕೂ ಯಾವ ಅಳತೆ ಕೊಳ್ಳುತ್ತಾನೆ? ಜಪಾನಿ ವಿನ್ಯಾಸದ ಬೈಕು, ಕಾರುಗಳಲ್ಲಿ 10, 12, 14, 17ರ ಬೋಲ್ಟುಗಳೇ ಹೆಚ್ಚು. ಯುರೋಪಿನ ಜಾಡಿನ ಗಾಡಿಗಳಲ್ಲಿ 13 ಇಲ್ಲದೆ ಕೈ ಆಡುವುದಿಲ್ಲ. ಯಾವ ಕಂಪನಿಯ ವರ್ಕ್‌ಶಾಪು ಕರೆಯುತ್ತದೆಂದು ತಿಳಿಯುವ ಮುಂಚೆ ಇಡೀ ಸೆಟ್ ಕೊಂಡರೆ ಅರ್ಧ ಪೆಟ್ಟಿಗೆ ಎಣ್ಣೆ ಮುಟ್ಟದೆ ಉಳಿಯುತ್ತದೆ.

ಕೆಲಸದ ರೀತಿಯೂ ಬೇರೆ. ಗ್ಯಾರೇಜಿನಲ್ಲಿ ಕೈಯಂದಾಜು ನಡೆಯುತ್ತದೆ. ಶೋರೂಮಿನಲ್ಲಿ ನಟ್ಟು ಎಷ್ಟು ಬಿಗಿಯಬೇಕೆಂದು ಸರ್ವೀಸ್ ಮ್ಯಾನ್ಯುಯಲ್ ಹೇಳುತ್ತದೆ. ಸಣ್ಣ ಕಾರಿನ ಗಾಲಿ ನಟ್ಟಿಗೆ ನೂರು ನ್ಯೂಟನ್ ಮೀಟರ್ ಆಸುಪಾಸು, ಸ್ಪಾರ್ಕ್ ಪ್ಲಗ್ಗಿಗೆ ಅದರ ಕಾಲು ಭಾಗವೋ ಇನ್ನೂ ಕಡಿಮೆಯೋ. ಹೆಚ್ಚು ಬಿಗಿದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ಡೇ ಕಿತ್ತು ಬರುತ್ತದೆ. ಇದಕ್ಕೆ ಬೇಕಿರುವುದು ಟಾರ್ಕ್ ರೆಂಚ್. ಅದನ್ನು ಆಗಾಗ ಸರಿ ನೋಡಿಸುವ ಹೊಣೆ ವರ್ಕ್‌ಶಾಪಿನದು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ನೂರು ಸಿಸಿ ಬೈಕಿಗೂ ಫ್ಯೂಯೆಲ್ ಇಂಜೆಕ್ಷನ್, ಸೆನ್ಸರ್ ಬಂದವು. ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸಿ ಮೈಲೇಜ್ ಕೂರಿಸುವ ಕಾಲ ಹೋಯಿತು. ಈಗ ಕಂಪನಿಯ ಸ್ಕ್ಯಾನರ್ ಹಾಕಿ ಕೋಡ್ ಓದಬೇಕು. ಬೇರಿಂಗ್ ಎಳೆಯುವ ಪುಲ್ಲರ್, ಕ್ಲಚ್ ಹಿಡಿಯುವ ಹೋಲ್ಡರ್‌ನಂಥ ವಿಶೇಷ ಟೂಲ್ಸ್ ಆಯಾ ಗಾಡಿಗೆಂದೇ ಬರುತ್ತವೆ. ಎಲೆಕ್ಟ್ರಿಕ್ ಕಾರಿಗಾದರೆ 1,000 ವೋಲ್ಟ್ ತಾಳುವ ಇನ್ಸುಲೇಷನ್ ಇರುವ ಟೂಲ್ಸು, ಕೈಗವಸು ಬೇಕು. ಅಲ್ಲಿ ಮನೆಯಿಂದ ತಂದ ಸ್ಪ್ಯಾನರ್ ತೆಗೆಯುವವನ ಪ್ರಾಣಕ್ಕೇ ಸಂಚಕಾರ. ಇವೆಲ್ಲ ಹುಡುಗ ಕೊಳ್ಳಲಾಗದ, ಕೊಳ್ಳಬಾರದ ವಸ್ತುಗಳು.

ಸಂಬಳ ಕಡಿತದ ಮಾತು ಬಂತು. ಕಡಿತಕ್ಕೆ ಹೆದರಿ ಸ್ವಂತ ದುಡ್ಡು ಹಾಕುವುದು ಎಲ್ಲಿಯ ನ್ಯಾಯ? ನೌಕರನ ವಶಕ್ಕೇ ಕೊಟ್ಟಿದ್ದ ವಸ್ತು ಅವನದೇ ಅಲಕ್ಷ್ಯದಿಂದ ಕಳೆದಿರಬೇಕು, ಅವನ ಸಮಜಾಯಿಷಿ ಕೇಳಿರಬೇಕು, ನಷ್ಟಕ್ಕಿಂತ ಹೆಚ್ಚು ಮುರಿಯಬಾರದು ಎಂದು 1936ರ ವೇತನ ಪಾವತಿ ಕಾಯ್ದೆಯೇ ಹೇಳಿತ್ತು. 2019ರ ವೇತನ ಸಂಹಿತೆಯಲ್ಲೂ ಅದೇ ಇದೆ. ಎಲ್ಲರ ತಲೆಗೆ ಹಂಚುವುದಕ್ಕೆ ಅದರಲ್ಲಿ ಜಾಗವಿಲ್ಲ. ಹುಡುಗ ಮಾಡಬೇಕಾದ್ದು ಇಷ್ಟೇ: ಟ್ರಾಲಿ ವಹಿಸಿಕೊಳ್ಳುವಾಗ ಪಟ್ಟಿ ಹಿಡಿದು ಒಂದೊಂದನ್ನೂ ಎಣಿಸುವುದು, ಇಲ್ಲದ್ದರ ಮುಂದೆ ‘ಇಲ್ಲ’ ಎಂದು ಬರೆದೇ ಸಹಿ ಹಾಕುವುದು, ಆ ಪಟ್ಟಿಯ ಫೋಟೊ ತೆಗೆದಿಟ್ಟುಕೊಳ್ಳುವುದು.

ಕೈಯಲ್ಲಿ ನಾಲ್ಕು ಕಾಸು ಇದ್ದರೆ ಡ್ರೈವಿಂಗ್ ಲೈಸೆನ್ಸ್ ಮಾಡಿಸಲಿ. ಲೈಸೆನ್ಸ್ ಇಲ್ಲದವನ ಕೈಗೆ ಗಿರಾಕಿಯ ಕೀಲಿ ಕೊಡುವಂತಿಲ್ಲ. ಟ್ರಯಲ್ ಹೊಡೆಯದವನಿಗೆ ಬ್ರೇಕಿನ ಕೀರಲು ಎಲ್ಲಿಂದ ಬರುತ್ತಿದೆಯೆಂದು ತಿಳಿಯುವುದು ಹೇಗೆ? ಎಲ್‌ಎಲ್‌ಆರ್ ಆದ ಮೇಲೆ 30 ದಿನ ಕಾಯಲೇಬೇಕು, ಅದಕ್ಕೇ ಸೇರುವ ಮುಂಚೆಯೇ ಆಗಬೇಕು. ಆಮೇಲೆ ಮುಂದೆ ಕಬ್ಬಿಣದ ಟೋಪಿ ಇರುವ ಶೂ. ಚಪ್ಪಲಿ ಕಾಲಿನ ಮೇಲೆ ಬ್ರೇಕ್ ಡ್ರಮ್ ಬಿದ್ದರೆ ಮೂಳೆ ಉಳಿಯುವುದಿಲ್ಲ. ದುಡ್ಡಿಲ್ಲದೆ ಕಲಿಯಬಹುದಾದದ್ದೂ ಒಂದಿದೆ: ಜಾಬ್ ಕಾರ್ಡಿನ ಇಂಗ್ಲಿಷು. ತೆಲುಗು, ಕನ್ನಡ ಎರಡೂ ಸಲೀಸಾಗಿ ಆಡುವ ಪಾವಗಡದ ಹುಡುಗ ತುಮಕೂರಿನಲ್ಲೂ ಸಲ್ಲುತ್ತಾನೆ, ಹಿಂದೂಪುರದಲ್ಲೂ ಸಲ್ಲುತ್ತಾನೆ. ವೈರಿಂಗ್ ಡಯಾಗ್ರಾಮ್ ಎದುರು ಮಾತ್ರ ತಡವರಿಸುತ್ತಾನೆ.

ಮತ್ತೆ ಪರದವರಿಂದ

(ವಿರೋಧದ ಪಾಲು ಉದ್ದವಾಯಿತು, ನನ್ನ ಒಲವೂ ಆ ಕಡೆಗೇ ಇರುವುದರಿಂದ ಕತ್ತರಿ ಹಾಕಲಿಲ್ಲ. ಪರದವರು ಒಂದು ಉತ್ತರ ಕೇಳಿದರು, ಕೊಡಬೇಕಾದ್ದು ನ್ಯಾಯ.)

ಕಾಯ್ದೆ ಚೆನ್ನಾಗಿದೆ. ಕೆಲಸಕ್ಕೆ ಸೇರಿ ಎರಡು ತಿಂಗಳಾದ ಹುಡುಗ ಅದನ್ನು ಫ್ಲೋರ್ ಸೂಪರ್‌ವೈಸರ್ ಮುಖಕ್ಕೆ ಹಿಡಿಯುತ್ತಾನೆಯೇ? ಹಿಡಿದ ಮೇಲೆ ಅವನಿಗೆ ಯಾವ ಕೆಲಸ ಸಿಗುತ್ತದೆ? ವಾಟರ್ ವಾಶ್. ಸಾಲ ಮಾಡಬಾರದೆಂಬುದನ್ನು ಒಪ್ಪುತ್ತೇನೆ. ಇಡೀ ಸೆಟ್ ಒಮ್ಮೆಲೇ ಬೇಡ ಎಂಬುದನ್ನೂ ಒಪ್ಪುತ್ತೇನೆ. ಮೊದಲ ಸಂಬಳದಲ್ಲಿ ಒಂದು 10ರ ಸ್ಪ್ಯಾನರ್, ಒಂದು ಟೆಸ್ಟ್ ಲ್ಯಾಂಪ್. ಮುಂದಿನ ತಿಂಗಳು, ಆ ವರ್ಕ್‌ಶಾಪಿನಲ್ಲಿ ದಿನಾ ಹುಡುಕಾಡಿದ ಅಳತೆ ಯಾವುದೋ ಅದು. ಲೈಸೆನ್ಸೂ ಮಾಡಿಸಲಿ, ಬೇಡ ಅನ್ನುವುದಿಲ್ಲ. ಆದರೆ ಜಾಬ್ ಕಾರ್ಡೇ ಕೈಗೆ ಬಾರದವನಿಗೆ ಟ್ರಯಲ್‌ಗೆ ಗಾಡಿ ಯಾರು ಕೊಡುತ್ತಾರೆ?