ತಲೆಬಿಸಿ ಇಳಿಯಬೇಕೇ? ಹತ್ತು ನಿಮಿಷ ನಡೆಯಿರಿ

ನಮ್ಮ ಅಂಕೋಲೆಯಲ್ಲಿ ಯಾರಾದರೂ ಸಂಜೆ ಹೊತ್ತು ಕೈಬೀಸಿಕೊಂಡು ನಡೆದರೆ ಸಾಕು, ಪ್ರಶ್ನೆ ಬಂದೇ ಬರುತ್ತದೆ. 'ಎಂತಾ ಮಾರಾಯಾ, ಸಕ್ಕರೆ ಕಾಯಿಲೆ ಬಂತೇನೋ?' ಹೌದು ಎಂದರೆ ಮರ್ಯಾದೆ ಉಳಿಯಿತು. 'ಅಲ್ಲ, ಮನಸ್ಸು ಸರಿ ಇಲ್ಲ, ಅದಕ್ಕೇ ನಡೀತೇನೆ' ಎಂದು ಒಮ್ಮೆ ಹೇಳಿ ನೋಡಿ! ಮಾರನೇ ದಿನ ಮೀನುಪೇಟೆಯ ತನಕ ಅದೇ ಸುದ್ದಿ.

ಬಿಪಿ, ಶುಗರ್ ಬಗ್ಗೆ ಬಸ್ಸಿನಲ್ಲಿ ಗಟ್ಟಿಯಾಗಿ ಮಾತಾಡುವ ನಾವು ಮನಸ್ಸಿನ ಭಾರವನ್ನು ಮಾತ್ರ ಮುಚ್ಚಿಡುತ್ತೇವೆ. ಹಾಗಂತ ಅದು ಯಾರಿಗಿಲ್ಲ ಹೇಳಿ? ಅಂಗಡಿಯವರಿಗೆ ಉದ್ರಿ ಪುಸ್ತಕ, ಬ್ಯಾಂಕಿನ ಕಂತು. ಮೀನುಗಾರರಿಗೆ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟು ದಡದಲ್ಲಿ, ಖರ್ಚು ಮಾತ್ರ ನಡುನೀರಿನಲ್ಲಿ. ಬಸ್ ಪ್ರಯಾಣಿಕರ ಕತೆಯಂತೂ ಕೇಳುವುದೇ ಬೇಡ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಇಳಿಯಿತಲ್ಲ, ಅಂದಿನಿಂದ ಮಳೆ ಜೋರಾದರೆ ಆ ದಾರಿಯಲ್ಲಿ ಹೋಗುವವರ ಕಣ್ಣು ತಾನಾಗಿಯೇ ಗುಡ್ಡದ ಕಡೆ ಹೋಗುತ್ತದೆ. ಇದೆಲ್ಲ ತಲೆಬಿಸಿಯೇ.

ಆದರೆ ತಲೆಬಿಸಿ ಬೇರೆ, ಖಿನ್ನತೆ ಬೇರೆ. ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಆಸೆ ಇಲ್ಲ ಎಂದಾದರೆ ಅದು ಸೋಮಾರಿತನವಲ್ಲ, ಕಾಯಿಲೆ. ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಸಿಕ್ಕವರು. ಆ ಲೆಕ್ಕ ಹಿಡಿದರೆ, ಐವತ್ತು ಸೀಟು ತುಂಬಿದ ಒಂದು ಕಾರವಾರ ಬಸ್ಸಿನಲ್ಲಿ ಎರಡು ಮೂರು ಜನ. ಪಕ್ಕದಲ್ಲೇ ಕೂತಿರಬಹುದು!

ಇದಕ್ಕೆ ನಡಿಗೆ ಏನು ಮಾಡೀತು ಎಂದು ನಗಬೇಡಿ. 2024ರಲ್ಲಿ ಬ್ರಿಟನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದು 218 ಪ್ರಯೋಗಗಳನ್ನು, ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರ ಲೆಕ್ಕವನ್ನು ಒಟ್ಟುಗೂಡಿಸಿದ ವರದಿ ಪ್ರಕಟಿಸಿತು. ನಡಿಗೆ, ಯೋಗ, ಭಾರ ಎತ್ತುವ ವ್ಯಾಯಾಮ ಇವೆಲ್ಲ ಖಿನ್ನತೆಯನ್ನು ಇಳಿಸಲು ನೆರವಾಗುತ್ತವೆ ಎಂಬುದೇ ಅದರ ಸಾರ. ಜೋರಾಗಿ ಮಾಡಿದರೆ ಲಾಭ ಹೆಚ್ಚು, ನಿಧಾನವಾಗಿ ಮಾಡಿದರೂ ಲಾಭವಿದೆ. 2022ರ ಇನ್ನೊಂದು ವರದಿಯ ಪ್ರಕಾರ, ವಾರಕ್ಕೆ ಒಂದೂಕಾಲು ತಾಸು ಚುರುಕಾಗಿ ನಡೆಯುವಷ್ಟು ಶ್ರಮಪಡುವವರಲ್ಲಿ, ಏನೂ ಮಾಡದವರಿಗಿಂತ ಖಿನ್ನತೆಯ ಸಂಭವ ಶೇಕಡಾ 18ರಷ್ಟು ಕಡಿಮೆ ಕಂಡಿತು. ದಿನಕ್ಕೆ ಎಷ್ಟಾಯಿತು? ಹತ್ತು ಹನ್ನೊಂದು ನಿಮಿಷ. ಒಂದು ಚಾ ಕುಡಿದು ಪೇಪರು ತಿರುವಿಹಾಕುವ ಹೊತ್ತು!

ಖಿನ್ನತೆಯ ದೊಡ್ಡ ಮೋಸವೆಂದರೆ ಅದು ಏಳಲಿಕ್ಕೇ ಬಿಡುವುದಿಲ್ಲ. 'ಮನಸ್ಸು ಬಂದ ಮೇಲೆ ಹೋದರಾಯ್ತು' ಎಂದು ಕೂತವನಿಗೆ ಆ ಮನಸ್ಸು ಬರುವುದೇ ಇಲ್ಲ. ಇಲ್ಲಿ ಕಾಲು ಮುಂದೆ ಹೋಗಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಮೈ ಅಲುಗಾಡಿದರೆ ರಾತ್ರಿ ನಿದ್ದೆ ಸುಧಾರಿಸುತ್ತದೆ, ಹಸಿವು ತಿರುಗಿ ಬರುತ್ತದೆ, ಒಂದೇ ಚಿಂತೆಯ ಗಾಣ ಸ್ವಲ್ಪ ಹೊತ್ತಾದರೂ ನಿಲ್ಲುತ್ತದೆ.

'ದಿನವಿಡೀ ಅಂಗಡಿಯಲ್ಲಿ ನಿಂತೇ ಇರ್ತೇವೆ, ಮತ್ತೆಂತಾ ವ್ಯಾಯಾಮ?' ಎನ್ನುವವರುಂಟು. ಸ್ವಾಮಿ, ನಿಂತರೆ ಕಾಲು ಬಾತೀತೇ ಹೊರತು ತಲೆ ಹಗುರಾಗುವುದಿಲ್ಲ. ಶಟರ್ ಎತ್ತುವ ಮೊದಲು ಹತ್ತು ನಿಮಿಷ ಪೇಟೆ ಸುತ್ತಿ ಬನ್ನಿ. ಹತ್ತು ಆಗದಿದ್ದರೆ ಐದು. ಪಕ್ಕದ ಅಂಗಡಿಯವರನ್ನೂ ಕರೆಯಿರಿ. ಜೊತೆಗಾರನಿದ್ದರೆ ತಪ್ಪಿಸಿಕೊಳ್ಳಲಿಕ್ಕೆ ನಾಚಿಕೆಯಾಗುತ್ತದೆ. ಬಸ್ಸಿನವರು ಒಂದು ಸ್ಟಾಪ್ ಮೊದಲೇ ಇಳಿಯಬಹುದು. ಆದರೆ ಊರೊಳಗೆ ಮಾತ್ರ. ಹೆದ್ದಾರಿ ಅಂಚಿನಲ್ಲಿ ಕತ್ತಲಲ್ಲಿ ನಡೆದು ಹೊಸ ತಲೆಬಿಸಿ ತಂದುಕೊಳ್ಳಬೇಡಿ. ಮಳೆಗಾಲದಲ್ಲಿ ಮನೆಯ ಜಗಲಿಯಲ್ಲೇ ಅತ್ತಿಂದಿತ್ತ ನಡೆದರೂ ನಡಿಗೆಯೇ. ಎದೆನೋವು, ಮಂಡಿನೋವು ಇದ್ದವರು ಮಾತ್ರ ಡಾಕ್ಟರನ್ನು ಕೇಳಿ ಶುರುಮಾಡಲಿ.

ಇನ್ನೊಂದು ಮಾತು ಸ್ಪಷ್ಟವಾಗಿ ಹೇಳಬೇಕು. ನಡಿಗೆ ಔಷಧಿಗೆ ಬದಲಿಯಲ್ಲ. ಡಾಕ್ಟರು ಕೊಟ್ಟ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು. ಮನೆಯವರೂ ಅಷ್ಟೆ, 'ಎದ್ದು ನಡಿ, ಎಲ್ಲಾ ಸರಿಹೋಗ್ತದೆ' ಎಂದು ಗದರಿಸಬಾರದು. 'ಬಾ, ನಾನೂ ಬರ್ತೇನೆ' ಎನ್ನಬೇಕು. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಪುರಸಭೆಯವರಿಗೆ ಒಂದು ವಿನಂತಿ. ನಡೆಯಿರಿ ಎಂದು ಜನರಿಗೆ ಹೇಳುವುದು ಸುಲಭ, ನಡೆಯಲಿಕ್ಕೆ ಜಾಗ ಬೇಡವೇ? ಚತುಷ್ಪಥ ಬಂದ ಮೇಲೆ ವಾಹನಗಳಿಗೆ ದಾರಿ ಅಗಲವಾಯಿತು. ಕಾಲಿಗೂ ಒಂದಿಷ್ಟು ದಾರಿ ಸಿಗಲಿ. ಜೈಹಿಂದ್ ಮೈದಾನದ ಅಂಚಿನಲ್ಲಿ ಮುದುಕರೂ ಹೆಂಗಸರೂ ಹೆದರದೆ ಸುತ್ತುವಷ್ಟು ಬೆಳಕು, ಕೂರಲು ನಾಲ್ಕು ಕಲ್ಲುಬೆಂಚು, ಪೇಟೆಯ ಗಟಾರದ ಮೇಲೆ ಭದ್ರವಾದ ಹಾಸುಗಲ್ಲು ಇರಲಿ. ಇದು ಕೋಟಿಗಟ್ಟಲೆಯ ಯೋಜನೆಯಲ್ಲ. 1930ರಲ್ಲಿ ಉಪ್ಪಿನ ಕಾನೂನು ಮುರಿಯಲು ಗುಂಪುಗುಂಪಾಗಿ ಬೀದಿಗಿಳಿದ ಊರಿದು. ಅದೇ ಬೀದಿಯಲ್ಲಿ ಇಂದು ಒಬ್ಬ ಮನುಷ್ಯ ತನ್ನ ಮನಸ್ಸಿನ ಭಾರ ಇಳಿಸಲು ಹತ್ತು ನಿಮಿಷ ನೆಮ್ಮದಿಯಾಗಿ ನಡೆಯುವಂತಾಗಲಿ. ಸಂಬಂಧಪಟ್ಟವರು ಕಿವಿಗೊಟ್ಟಾರೆಯೇ?