ಏಳನೇ ತಿಂಗಳ ‘ಸಣ್ಣ ನೋವು’: ಬೆಳಗಾಗುವ ತನಕ ಕಾಯಬೇಡಿ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ವೇಳೆ ಕರ್ನಾಟಕ ತಲಪಾಡಿ ಗಡಿ ಮುಚ್ಚಿದಾಗ ಕಾಸರಗೋಡಿನವರಿಗೆ ಒಂದು ಸತ್ಯ ಮನದಟ್ಟಾಯಿತು. ತುರ್ತು ಚಿಕಿತ್ಸೆಗೆ ನಾವು ನೆಚ್ಚಿಕೊಂಡಿರುವುದು ಸುಮಾರು 50 ಕಿ.ಮೀ. ದೂರದ ಮಂಗಳೂರನ್ನು. 2013ರಲ್ಲಿ ಶಂಕುಸ್ಥಾಪನೆಯಾದ ಉಕ್ಕಿನಡ್ಕ ಮೆಡಿಕಲ್ ಕಾಲೇಜಿನ ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ತೆರೆದದ್ದೇ 2020ರ ಏಪ್ರಿಲ್‌ನಲ್ಲಿ. ಗಡಿ ವಿವಾದ ಸುಪ್ರೀಂ ಕೋರ್ಟ್ ತನಕ ಹೋಯಿತು, ಗಡಿ ತೆರೆಯಿತು. ಆದರೆ ಗರ್ಭಿಣಿಯನ್ನು ತಡೆಯುವ ಇನ್ನೊಂದು ಗೇಟು ನಮ್ಮ ಮನೆಯೊಳಗೇ ಇದೆ: “ಗ್ಯಾಸ್ಟ್ರಿಕ್ ಇರ್ಬೇಕು, ಬೆಳಿಗ್ಗೆ ನೋಡುವ.”

37 ವಾರ ತುಂಬುವ ಮೊದಲೇ ಆಗುವುದು ಅವಧಿಪೂರ್ವ ಹೆರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ ಹೀಗೆ ಹುಟ್ಟಿದ ಮಕ್ಕಳು ಸುಮಾರು 1.34 ಕೋಟಿ. ಅಂದರೆ ಹತ್ತರಲ್ಲಿ ಒಂದು. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ಭಾರತದವರು.

ಅಪಾಯದ ಸೂಚನೆಗಳು ಹೀಗಿವೆ:

- ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ಸಡಿಲವಾಗುವುದು; ಹತ್ತು ನಿಮಿಷಕ್ಕೊಮ್ಮೆ ಅಥವಾ ಇನ್ನೂ ಬೇಗ ಬೇಗ ಮರುಕಳಿಸುವುದು
- ಮುಟ್ಟಿನ ಸಮಯದಂತೆ ಕಿಬ್ಬೊಟ್ಟೆ ಹಿಡಿಯುವುದು, ಬಿಡದ ಸೊಂಟನೋವು
- ಮಗು ಕೆಳಗೆ ಒತ್ತಿದಂತೆ ಅನಿಸುವುದು
- ಬಿಳಿಸ್ರಾವ ಹೆಚ್ಚಾಗುವುದು, ನೀರಾಗುವುದು, ಲೋಳೆ ಅಥವಾ ರಕ್ತ ಬೆರೆಯುವುದು
- ನೀರು ಹೋಗುವುದು, ಹನಿ ಹನಿಯಾಗಿಯಾದರೂ ಸರಿ

ರಕ್ತ ಅಥವಾ ನೀರು ಹೋದರೆ, ಮಗುವಿನ ಚಲನೆ ಕಡಿಮೆಯಾದರೆ ಒಂದು ನಿಮಿಷವೂ ಕಾಯಬೇಡಿ. ಉಳಿದವು ಸುಳ್ಳು ನೋವೂ ಆಗಿರಬಹುದು. ಆದರೆ ಅದನ್ನು ಪರೀಕ್ಷಿಸಿ ಹೇಳಬೇಕಾದವರು ಡಾಕ್ಟರ್, ನೆರೆಮನೆಯವರಲ್ಲ.

ಇಷ್ಟು ಅವಸರ ಯಾಕೆ? ಅವಧಿಗೆ ಮುಂಚೆ ಹುಟ್ಟುವ ಮಗುವಿನ ಶ್ವಾಸಕೋಶ ಬಲಿತಿರುವುದಿಲ್ಲ. 24ರಿಂದ 34 ವಾರದೊಳಗಿನ ತಾಯಿಗೆ ಆಸ್ಪತ್ರೆಯಲ್ಲಿ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಅದನ್ನು ಬಲಪಡಿಸುತ್ತದೆ. ಆದರೆ ಪೂರ್ತಿ ಪರಿಣಾಮಕ್ಕೆ ಒಂದೆರಡು ದಿನ ಬೇಕು. ಮನೆಯಲ್ಲಿ ಕಳೆದ ಒಂದು ರಾತ್ರಿ ಅಂದರೆ ಮಗುವಿನ ಉಸಿರಿನ ಪಾಲಿನ ಸಮಯ.

ಹಿಂದೆ ಬೇಗ ಹೆರಿಗೆಯಾದವರು, ಅವಳಿ ಮಕ್ಕಳ ತಾಯಂದಿರು, ಬಿಪಿ ಇರುವವರು, ಮೂತ್ರದ ಸೋಂಕು ಇರುವವರು ಹೆಚ್ಚು ಜಾಗ್ರತೆ ವಹಿಸಬೇಕು. ಹಾಗಂತ ಯಾವ ಕಾರಣವೂ ಇಲ್ಲದೆ ಹೀಗಾಗುವುದೂ ಉಂಟು. ಹುಡುಗಿಯನ್ನು ದೂರಬೇಡಿ.

ನಮ್ಮ ಎಷ್ಟೋ ಮನೆಗಳಲ್ಲಿ ಗಂಡ ಗಲ್ಫ್‌ನಲ್ಲಿರುತ್ತಾನೆ. ಅವನ ಫೋನಿಗೆ, ಹಿರಿಯರ ಒಪ್ಪಿಗೆಗೆ ಕಾಯುವ ಅಭ್ಯಾಸ ಬಿಡಬೇಕು. ಏಳನೇ ತಿಂಗಳಿಗೆ ಮೊದಲೇ ಮೂರು ವಿಷಯ ತೀರ್ಮಾನವಾಗಿರಲಿ: ನವಜಾತ ಶಿಶುಗಳ ಐಸಿಯು ಇರುವ ಆಸ್ಪತ್ರೆ ಯಾವುದು, ರಾತ್ರಿ ವಾಹನ ಯಾರದು, ತಾಯಿ ಕಾರ್ಡ್ ಎಲ್ಲಿದೆ. ವಾಹನ ಇಲ್ಲದಿದ್ದರೆ 108 ಇದೆ. ಊರಿನ ಯುವಕರ ಸಂಘಟನೆಗಳು ರಕ್ತದಾನಕ್ಕೆ ಓಡುವ ಹಾಗೆಯೇ ಇದಕ್ಕೂ ಒಂದು ಕಾರು ಸಿದ್ಧವಿಡಲಿ.

ಜಿಲ್ಲೆಯೊಳಗೇ ಒಳ್ಳೆಯ ಶಿಶು ಐಸಿಯು ಕೇಳುವುದು ನಮ್ಮ ಹಕ್ಕು, ಕೇಳುತ್ತಲೇ ಇರೋಣ. ಮನೆಯ ಗೇಟು ತೆರೆಯಲು ಮಾತ್ರ ಯಾವ ಸರ್ಕಾರದ ಆದೇಶವೂ ಬೇಕಾಗಿಲ್ಲ.